ಟ್ರೈಕೊಮೋನಿಯಾಸಿಸ್: ಅನುಮಾನದಿಂದ ಮರುಪರೀಕ್ಷೆಯವರೆಗೆ ಇಬ್ಬರೂ ಇಡಬೇಕಾದ ಹೆಜ್ಜೆಗಳು

ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಎಚ್‌ಐವಿ, ಸಿಫಿಲಿಸ್, ಗೊನೊರಿಯಾ. ಟ್ರೈಕೊಮೋನಿಯಾಸಿಸ್ ಎಂಬ ಹೆಸರನ್ನು ಕೇಳಿರುವವರು ಕಡಿಮೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ 15ರಿಂದ 49 ವರ್ಷದವರಲ್ಲಿ ಈ ಸೋಂಕಿನ ಸುಮಾರು 15.6 ಕೋಟಿ ಹೊಸ ಪ್ರಕರಣಗಳು ಉಂಟಾದವು. ಅದೇ ವರ್ಷ ಕ್ಲಮಿಡಿಯಾ ಸುಮಾರು 12.9 ಕೋಟಿ, ಗೊನೊರಿಯಾ ಸುಮಾರು 8.2 ಕೋಟಿ. ಇಷ್ಟು ವ್ಯಾಪಕವಾದ ಈ ಸೋಂಕು ಮಾತ್ರೆಗಳಿಂದ ಪೂರ್ತಿ ಗುಣವಾಗುತ್ತದೆ. ಹಾಗಿದ್ದೂ ಅನೇಕರಿಗೆ ಇದು ವಾಸಿಯಾದಂತೆ ಕಂಡು ಕೆಲವೇ ತಿಂಗಳಲ್ಲಿ ಮರಳಿ ಬರುತ್ತದೆ. ಇದಕ್ಕೆ ಬಹುಪಾಲು ಕಾರಣ ಒಂದೇ: ದಂಪತಿಗಳಲ್ಲಿ, ಜೊತೆಗಾರರಲ್ಲಿ ಒಬ್ಬರು ಔಷಧ ತೆಗೆದುಕೊಂಡಿರುತ್ತಾರೆ, ಇನ್ನೊಬ್ಬರು ತೆಗೆದುಕೊಂಡಿರುವುದಿಲ್ಲ. ಈ ಮಾರ್ಗದರ್ಶಿಯ ಪ್ರತಿ ಹೆಜ್ಜೆಯನ್ನೂ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ.

ಹೆಜ್ಜೆ 1: ಸೋಂಕು ಎಂಥದ್ದು ಎಂದು ತಿಳಿದುಕೊಳ್ಳಿ

ಈ ಕಾಯಿಲೆಗೆ ಕಾರಣ ಟ್ರೈಕೊಮೋನಾಸ್ ವಜೈನಾಲಿಸ್ ಎಂಬ ಏಕಕೋಶ ಪರಾವಲಂಬಿ. ಪ್ಯಾರಿಸ್ಸಿನ ವೈದ್ಯ ಆಲ್ಫ್ರೆಡ್ ಡೋನೆ 1836ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಮೊದಲ ಬಾರಿಗೆ ವಿವರಿಸಿದರು. ಆಮೇಲೂ ಬಹಳ ಕಾಲ ವೈದ್ಯರು ಇದನ್ನು ನಿರುಪದ್ರವಿ ಎಂದೇ ಭಾವಿಸಿದ್ದರು. ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ, ಶಿಲೀಂಧ್ರವೂ ಅಲ್ಲ; ಪ್ರೋಟೋಜೋವ ಎಂಬ ಗುಂಪಿಗೆ ಸೇರಿದ ಜೀವಿ. ಈ ವಿಂಗಡಣೆ ಕೇವಲ ಪಾಠದ ಮಾತಲ್ಲ. ಮೂತ್ರದ ಸೋಂಕಿಗೆ ಕೊಡುವ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಾಗಲಿ, ತುರಿಕೆಗೆ ಹಚ್ಚುವ ಶಿಲೀಂಧ್ರನಾಶಕ ಮುಲಾಮುಗಳಾಗಲಿ ಇದರ ಮೇಲೆ ಕೆಲಸ ಮಾಡುವುದಿಲ್ಲ. ಔಷಧದ ಅಂಗಡಿಯಲ್ಲಿ ಲಕ್ಷಣ ಹೇಳಿ ಮುಲಾಮು ಕೊಂಡು ತಂದು ವಾರಗಟ್ಟಲೆ ಹಚ್ಚಿಯೂ ಗುಣ ಕಾಣದವರು ಈ ಸಂಗತಿಯನ್ನು ಗಮನಿಸಬೇಕು.

ಇದರ ಉದ್ದ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು, ಅಂದರೆ ಹೆಚ್ಚುಕಡಿಮೆ ಒಂದು ಬಿಳಿ ರಕ್ತಕಣದ ಗಾತ್ರ. ಮುಂಭಾಗದಲ್ಲಿ ಚಾವಟಿಯಂಥ ನಾಲ್ಕು ಎಳೆಗಳಿರುತ್ತವೆ; ಐದನೆಯ ಎಳೆ ಮೈಗೆ ಅಂಟಿದ ಅಲೆಯಂಥ ಪೊರೆಯ ಅಂಚಿನಲ್ಲಿ ಸಾಗುತ್ತದೆ. ಈ ಎಳೆಗಳನ್ನು ಬೀಸುತ್ತ ಅದು ಈಜುತ್ತದೆ, ಹೆಂಗಸರಲ್ಲಿ ಯೋನಿಯ ಒಳಪದರಕ್ಕೂ ಗಂಡಸರಲ್ಲಿ ಮೂತ್ರನಾಳದ ಒಳಪದರಕ್ಕೂ ಅಂಟಿಕೊಂಡು ಅಲ್ಲಿಯ ಜೀವಕೋಶಗಳನ್ನು ಹಾಳುಮಾಡುತ್ತದೆ, ಇಬ್ಭಾಗವಾಗುತ್ತ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಆರೋಗ್ಯವಂತ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತ ಪಿಎಚ್ ಮಟ್ಟವನ್ನು (ಹುಳಿತನದ ಅಳತೆ; ಅಂಕಿ ಕಡಿಮೆಯಿದ್ದಷ್ಟು ಹುಳಿ ಹೆಚ್ಚು) ಸುಮಾರು 3.8ರಿಂದ 4.5ರೊಳಗೆ ಇಟ್ಟಿರುತ್ತವೆ. ಪರಾವಲಂಬಿ ಬೇರೂರಿದಂತೆ ಈ ಹುಳಿತನ ಕುಗ್ಗುತ್ತದೆ, ಪಿಎಚ್ 5ನ್ನು ದಾಟಿ ಮೇಲೇರುವುದುಂಟು, ಮತ್ತು ಆ ಬದಲಾದ ವಾತಾವರಣ ಪರಾವಲಂಬಿಗೇ ಇನ್ನಷ್ಟು ಅನುಕೂಲವಾಗುತ್ತದೆ.

ಹರಡುವ ದಾರಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳವಿದೆ. ಆಮಶಂಕೆ ಉಂಟುಮಾಡುವ ಅಮೀಬಾದಂಥ ಪರಾವಲಂಬಿಗಳು ಗಟ್ಟಿ ಕವಚದೊಳಗೆ ಅಡಗಿ ದೇಹದ ಹೊರಗೂ ಬಹುದಿನ ಬದುಕಬಲ್ಲವು. ಟ್ರೈಕೊಮೋನಾಸ್‌ಗೆ ಅಂಥ ಕವಚದ ಹಂತವೇ ಇಲ್ಲ. ತೇವ ಆರಿದರೆ ಅದು ಸಾಯುತ್ತದೆ. ಆದ್ದರಿಂದ ಶೌಚಾಲಯದ ಆಸನ, ಈಜುಕೊಳ, ಒಟ್ಟಿಗೆ ಒಗೆದ ಬಟ್ಟೆ ಇವುಗಳಿಂದ ಬಂತು ಎಂಬ ವಿವರಣೆ ನಿಲ್ಲುವುದಿಲ್ಲ. ಅಪ್ಪಿಕೊಳ್ಳುವುದರಿಂದ, ಮುತ್ತಿಡುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಇದು ಬರುವುದಿಲ್ಲ. ಇದು ಸಾಗುವುದು ಶಿಶ್ನ ಮತ್ತು ಯೋನಿಯ ಸಂಪರ್ಕದಲ್ಲಿ, ಹಾಗೆಯೇ ಹೆಣ್ಣು ಹೆಣ್ಣಿನ ನಡುವಿನ ಜನನಾಂಗ ಸಂಪರ್ಕದಲ್ಲಿ. ಸ್ವಚ್ಛಗೊಳಿಸದೆ ಇಬ್ಬರು ಬಳಸಿದ ಲೈಂಗಿಕ ಸಾಧನಗಳ ಮೂಲಕವೂ ದಾಟಬಹುದು. ವೀರ್ಯಸ್ಖಲನ ಆಗಿರಲೇಬೇಕೆಂದಿಲ್ಲ.

ಹೆಜ್ಜೆ 2: ಲಕ್ಷಣಗಳನ್ನು ಗಮನಿಸಿ, ಆದರೆ ಅವುಗಳಿಗಾಗಿ ಕಾಯಬೇಡಿ

ಸೋಂಕು ತಗುಲಿದವರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ, ಇದ್ದರೂ ಗಮನಕ್ಕೆ ಬಾರದಷ್ಟು ಅಲ್ಪವಾಗಿರುತ್ತದೆ. ಲಕ್ಷಣ ಕಾಣಿಸಿಕೊಳ್ಳುವವರಲ್ಲಿ ಅದು ಸಾಮಾನ್ಯವಾಗಿ 5ರಿಂದ 28 ದಿನಗಳೊಳಗೆ ತೋರುತ್ತದೆ, ಕೆಲವರಲ್ಲಿ ಬಹಳ ತಡವಾಗಿ. ಒಮ್ಮೆ ತೋರಿ ಮಾಯವಾಗಿ ಮತ್ತೆ ತೋರುವುದೂ ಉಂಟು. ತುರಿಕೆ ನಿಂತಿತೆಂದರೆ ಸೋಂಕು ಹೋಯಿತೆಂದು ಅರ್ಥವಲ್ಲ.

ಹೆಂಗಸರಲ್ಲಿ ಯೋನಿಸ್ರಾವದ ಬಣ್ಣ, ವಾಸನೆ, ಪ್ರಮಾಣ ಬದಲಾಗುವುದು ಮುಖ್ಯ ಸೂಚನೆ. ಸ್ರಾವ ತೆಳುವಾಗಿ, ಹಳದಿ ಅಥವಾ ಹಸಿರು ಛಾಯೆಯಿಂದ, ಕೆಲವೊಮ್ಮೆ ನೊರೆನೊರೆಯಾಗಿ, ಕೆಟ್ಟ ವಾಸನೆಯಿಂದ ಕೂಡಿರಬಹುದು. ಜನನಾಂಗದ ಸುತ್ತ ತುರಿಕೆ, ಉರಿ, ಕೆಂಪಾಗುವಿಕೆ, ಮೂತ್ರ ಮಾಡುವಾಗ ಉರಿ, ಸಂಭೋಗದ ವೇಳೆ ನೋವು, ಬಳಿಕ ತುಸು ರಕ್ತ ಕಾಣುವುದು ಇವೂ ಇರುತ್ತವೆ. ‘ಬಿಳಿ ಸೆರಗು’ ಎಂಬ ಒಂದೇ ಮಾತಿನಲ್ಲಿ ಇವೆಲ್ಲವನ್ನೂ ಹೇಳಿ ಮುಗಿಸುವುದು ರೂಢಿ. ವೈದ್ಯರಿಗೆ ಅಷ್ಟು ಸಾಲದು. ಶಿಲೀಂಧ್ರದ ಸೋಂಕಿನಲ್ಲಿ ಸ್ರಾವ ಸಾಮಾನ್ಯವಾಗಿ ಗಟ್ಟಿ ಮೊಸರಿನಂತೆ ಬೆಳ್ಳಗಿದ್ದು ವಾಸನೆ ಹೆಚ್ಚಿರುವುದಿಲ್ಲ. ಬ್ಯಾಕ್ಟೀರಿಯಲ್ ವಜೈನೋಸಿಸ್‌ನಲ್ಲಿ (ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವ ತೊಂದರೆ) ಬೂದು ಬಿಳಿ ಬಣ್ಣದ ತೆಳು ಸ್ರಾವ ಮೀನಿನ ವಾಸನೆ ಸೂಸುತ್ತದೆ. ಈ ವ್ಯತ್ಯಾಸಗಳು ದಾರಿ ತೋರಿಸುತ್ತವೆಯೇ ಹೊರತು ತೀರ್ಪು ಕೊಡುವುದಿಲ್ಲ. ಮೂರೂ ಒಂದನ್ನೊಂದು ಹೋಲಬಲ್ಲವು, ಎರಡು ಒಟ್ಟಿಗೇ ಇರುವುದೂ ಸಾಮಾನ್ಯ, ಆದ್ದರಿಂದ ಬಣ್ಣ ನೋಡಿ ಔಷಧ ಆರಿಸಿಕೊಳ್ಳುವುದನ್ನು ಖಂಡಿತ ಬಿಡಬೇಕು.

ಗಂಡಸರಲ್ಲಿ ಹೆಚ್ಚಿನವರಿಗೆ ಏನೂ ಅನಿಸುವುದಿಲ್ಲ. ಕೆಲವರಿಗೆ ಶಿಶ್ನದ ಒಳಗೆ ತುರಿಕೆ, ಮೂತ್ರ ಅಥವಾ ವೀರ್ಯ ಹೋದ ಮೇಲೆ ಉರಿ, ತೆಳುವಾದ ಸ್ರಾವ ಇರಬಹುದು. ಅಪರೂಪಕ್ಕೆ ಪ್ರಾಸ್ಟೇಟ್ ಗ್ರಂಥಿ ಅಥವಾ ವೃಷಣದ ಪಕ್ಕದ ನಾಳಕ್ಕೆ ಉರಿಯೂತ ತಗಲುತ್ತದೆ. ‘ನನಗೇನೂ ಆಗಿಲ್ಲವಲ್ಲ’ ಎಂಬ ಮಾತು ಇಲ್ಲಿ ಯಾವುದಕ್ಕೂ ಸಾಕ್ಷಿಯಲ್ಲ.

ಹೆಜ್ಜೆ 3: ಪರೀಕ್ಷೆಗೆ ಹೋಗಿ, ಯಾವ ಪರೀಕ್ಷೆ ಎಂದು ಕೇಳಿ

ಸ್ತ್ರೀರೋಗ ತಜ್ಞರು, ಚರ್ಮ ಮತ್ತು ಲೈಂಗಿಕ ರೋಗ ತಜ್ಞರು, ಇಲ್ಲವೇ ಸಾಮಾನ್ಯ ವೈದ್ಯರು, ಯಾರ ಬಳಿಯಾದರೂ ಹೋಗಬಹುದು. ಹೋಗುವ ಹಿಂದಿನ ಒಂದೆರಡು ದಿನ ಯೋನಿಯ ಒಳಭಾಗಕ್ಕೆ ಮುಲಾಮು, ಗುಳಿಗೆ ಇಡಬೇಡಿ, ನೀರು ಹಾಯಿಸಿ ತೊಳೆಯಬೇಡಿ. ಮಾದರಿಯಲ್ಲಿ ಸಿಗಬೇಕಾದ ಜೀವಿಗಳು ಆಗ ಕಡಿಮೆಯಾಗುತ್ತವೆ. ಲಕ್ಷಣ ಎಂದು ಶುರುವಾಯಿತು, ಈವರೆಗೆ ಯಾವ ಔಷಧ ಬಳಸಿದಿರಿ, ಗರ್ಭಿಣಿಯೇ, ಹೊಸ ಸಂಗಾತಿ ಇದ್ದಾರೆಯೇ ಎಂಬ ಪ್ರಶ್ನೆಗಳು ಬರುತ್ತವೆ. ಸಂಕೋಚ ಸಹಜವೇ. ಆದರೆ ವೈದ್ಯರು ಪರೀಕ್ಷೆ ಮತ್ತು ಔಷಧವನ್ನು ನಿರ್ಧರಿಸುವುದು ನಿಮ್ಮ ಉತ್ತರಗಳ ಆಧಾರದಲ್ಲಿಯೇ. ಎದುರಿಗೆ ಹೇಳಲು ಬಾಯಿ ಬಾರದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ.

ಎಲ್ಲಕ್ಕಿಂತ ಹಳೆಯ, ಅಗ್ಗದ ಪರೀಕ್ಷೆ ಸೂಕ್ಷ್ಮದರ್ಶಕದ್ದು. ಹತ್ತಿಯ ಕಡ್ಡಿಯಿಂದ ತೆಗೆದ ಸ್ರಾವವನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸಲೈನ್‌ನಲ್ಲಿ ಕಲಸಿ, ಮೇಲೊಂದು ತೆಳು ಗಾಜು ಮುಚ್ಚಿ ನೋಡುತ್ತಾರೆ. ಸುತ್ತಲಿನ ಜೀವಕೋಶಗಳು ಅಲ್ಲಾಡದೆ ಬಿದ್ದಿರುವಾಗ ಟ್ರೈಕೊಮೋನಾಸ್ ಮಾತ್ರ ತಡೆತಡೆದು ಜಗ್ಗುತ್ತ, ತಿರುಗುತ್ತ ಚಲಿಸುತ್ತದೆ. ಅದನ್ನು ಪತ್ತೆಹಚ್ಚುವುದು ಆ ಚಲನೆಯಿಂದಲೇ. ಈ ಪರೀಕ್ಷೆಯ ದೌರ್ಬಲ್ಯವೂ ಅದೇ. ಹನಿ ತಣ್ಣಗಾದಂತೆ ಚಲನೆ ನಿಲ್ಲುತ್ತದೆ, ಚಲನೆ ನಿಂತ ಮೇಲೆ ಅದಕ್ಕೂ ಬಿಳಿ ರಕ್ತಕಣಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಕೂಡಲೇ ನೋಡಿದರೂ ಸೋಂಕಿರುವ ನೂರು ಹೆಂಗಸರಲ್ಲಿ ಸುಮಾರು 44ರಿಂದ 68 ಮಂದಿಯಲ್ಲಿ ಮಾತ್ರ ಇದು ಪತ್ತೆಯಾಗುತ್ತದೆ. ಮಾದರಿ ಮೇಜಿನ ಮೇಲೆ ಒಂದು ಗಂಟೆ ಉಳಿದರೆ ಆ ಪ್ರಮಾಣ ಇನ್ನೂ ಬಹಳ ಕೆಳಗಿಳಿಯುತ್ತದೆ. ಗಂಡಸರಲ್ಲಿ ಇದರ ಮೇಲೆ ಭರವಸೆ ಇಡುವಂತೆಯೇ ಇಲ್ಲ. ಆದ್ದರಿಂದ ಈ ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದರೆ ನಂಬಬಹುದು, ‘ಇಲ್ಲ’ ಎಂದು ಬಂದು ಲಕ್ಷಣ ಮುಂದುವರಿದಿದ್ದರೆ ಅಲ್ಲಿಗೆ ಬಿಡಬಾರದು.

ಪರಾವಲಂಬಿಯ ಡಿಎನ್ಎ ಅಥವಾ ಆರ್‌ಎನ್ಎಯನ್ನೇ ಹುಡುಕುವ ನಾಟ್ ಪರೀಕ್ಷೆ ಈಗಿರುವವುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು. ಪಿಸಿಆರ್ ಎಂದು ಹೇಳುವುದು ಇದರ ಒಂದು ಬಗೆ. ಹೆಂಗಸರಲ್ಲಿ ಯೋನಿಯ ಮಾದರಿಯಿಂದಲೋ ಮೂತ್ರದಿಂದಲೋ ಇದನ್ನು ಮಾಡುತ್ತಾರೆ, ಯೋನಿಯ ಮಾದರಿಯನ್ನು ಅನೇಕ ಕಡೆ ಸ್ವತಃ ತೆಗೆದುಕೊಡಲೂ ಬಿಡುತ್ತಾರೆ. ಕೆಲವು ಚಿಕಿತ್ಸಾಲಯಗಳಲ್ಲಿ ಹತ್ತು ಹದಿನೈದು ನಿಮಿಷಗಳಲ್ಲಿ ಫಲಿತಾಂಶ ಕೊಡುವ, ಪರಾವಲಂಬಿಯ ಪ್ರೋಟೀನನ್ನು ಹುಡುಕುವ ಆ್ಯಂಟಿಜನ್ ಪರೀಕ್ಷೆಯೂ ಇರುತ್ತದೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಮಾಡುವ ಪ್ಯಾಪ್ ಪರೀಕ್ಷೆಯಲ್ಲಿ ಇದು ಆಕಸ್ಮಿಕವಾಗಿ ಕಾಣಬಹುದು, ಆದರೆ ಆ ಪರೀಕ್ಷೆ ಇದಕ್ಕಾಗಿ ಇರುವುದಲ್ಲ; ಪ್ಯಾಪ್ ವರದಿ ಸರಿಯಾಗಿದೆ ಎಂದರೆ ಟ್ರೈಕೊಮೋನಾಸ್ ಇಲ್ಲ ಎಂದಾಗುವುದಿಲ್ಲ.

ಸೋಂಕು ದೃಢಪಟ್ಟರೆ ಅದೇ ಭೇಟಿಯಲ್ಲಿ ಎಚ್‌ಐವಿ, ಸಿಫಿಲಿಸ್, ಗೊನೊರಿಯಾ, ಕ್ಲಮಿಡಿಯಾ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಿ. ಟ್ರೈಕೊಮೋನಿಯಾಸಿಸ್‌ನಿಂದ ಕೆರಳಿದ ಒಳಪದರ ಎಚ್‌ಐವಿ ವೈರಸ್ಸಿಗೆ ಸುಲಭದ ಬಾಗಿಲಾಗುತ್ತದೆ. ಈ ಸೋಂಕಿರುವ ಹೆಂಗಸರಿಗೆ ಎಚ್‌ಐವಿ ತಗುಲುವ ಸಂಭವ ಸುಮಾರು ಒಂದೂವರೆ ಪಟ್ಟು ಎಂದು ಅಧ್ಯಯನಗಳು ತೋರಿಸಿವೆ.

ಹೆಜ್ಜೆ 4: ಮಾತ್ರೆಯನ್ನು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ

ಈ ಪರಾವಲಂಬಿಯನ್ನು ಕೊಲ್ಲುವ ಔಷಧಗಳು ನೈಟ್ರೋಇಮಿಡಜೋಲ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು: ಮೆಟ್ರೊನಿಡಜೋಲ್, ಟಿನಿಡಜೋಲ್, ಸೆಕ್ನಿಡಜೋಲ್. ಮೊದಲು ಒಂದೇ ಸಲಕ್ಕೆ 2 ಗ್ರಾಂ ಮೆಟ್ರೊನಿಡಜೋಲ್ ನುಂಗಿಸುವುದು ಎಲ್ಲರಿಗೂ ರೂಢಿಯಲ್ಲಿತ್ತು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಾಲ್ಕು ವಾರಗಳ ಬಳಿಕ ಪರೀಕ್ಷಿಸಿದಾಗ ಒಂದೇ ಸಲ ನುಂಗಿದ ಹೆಂಗಸರಲ್ಲಿ ನೂರಕ್ಕೆ 19 ಮಂದಿಗೆ ಸೋಂಕು ಉಳಿದಿತ್ತು, ಏಳು ದಿನ ತೆಗೆದುಕೊಂಡವರಲ್ಲಿ 11 ಮಂದಿಗೆ. ಅದರಿಂದಾಗಿ ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರದ 2021ರ ಮಾರ್ಗಸೂಚಿ ಹೆಂಗಸರಿಗೆ 500 ಮಿಲಿಗ್ರಾಂ ಮೆಟ್ರೊನಿಡಜೋಲನ್ನು ದಿನಕ್ಕೆರಡು ಬಾರಿ ಏಳು ದಿನ ಕೊಡಬೇಕೆಂದೂ, ಗಂಡಸರಿಗೆ ಒಂದೇ ಸಲದ 2 ಗ್ರಾಂ ಸಾಕೆಂದೂ ಹೇಳುತ್ತದೆ. ಈ ಅಂಕಿಗಳನ್ನು ಇಲ್ಲಿ ಬರೆದಿರುವುದು ವೈದ್ಯರ ಚೀಟಿಯನ್ನು ನೀವು ಅರ್ಥಮಾಡಿಕೊಳ್ಳಲೆಂದು. ಸ್ವಂತವಾಗಿ ಕೊಂಡು ನುಂಗಲೆಂದು ಖಂಡಿತ ಅಲ್ಲ.

ಮೂರನೆಯ ದಿನಕ್ಕೇ ತುರಿಕೆ ಇಳಿದು ಹಾಯೆನಿಸಬಹುದು. ಏಳು ದಿನದ ಚೀಟಿಯಲ್ಲಿ ಮಾತ್ರೆಗಳನ್ನು ಅಲ್ಲಿಗೇ ನಿಲ್ಲಿಸಿ ಉಳಿದವನ್ನು ಸಂಗಾತಿಗೆ ಕೊಡುವವರಿದ್ದಾರೆ. ಹೀಗೆ ಮಾಡಿದರೆ ಇಬ್ಬರಿಗೂ ಅರೆ ಚಿಕಿತ್ಸೆಯಾಗುತ್ತದೆ. ಯೋನಿಗೆ ಹಚ್ಚುವ ಮೆಟ್ರೊನಿಡಜೋಲ್ ಜೆಲ್ ಸಹ ಇದಕ್ಕೆ ಸಾಲದು. ಪರಾವಲಂಬಿ ಮೂತ್ರನಾಳದಲ್ಲಿ ಮತ್ತು ಪಕ್ಕದ ಗ್ರಂಥಿಗಳಲ್ಲಿಯೂ ಇರುವುದರಿಂದ ಔಷಧ ರಕ್ತದ ಮೂಲಕವೇ ಅಲ್ಲಿಗೆ ತಲುಪಬೇಕು.

ಮಾತ್ರೆ ತೆಗೆದುಕೊಳ್ಳುವಾಗ ಬಾಯಿಯಲ್ಲಿ ಲೋಹದಂಥ ರುಚಿ, ಓಕರಿಕೆ, ಹೊಟ್ಟೆ ತೊಳಸುವಿಕೆ, ಮೂತ್ರದ ಬಣ್ಣ ಗಾಢವಾಗುವುದು ಇವು ಕಾಣಬಹುದು. ಊಟದ ಜೊತೆ ನುಂಗಿದರೆ ಹೊಟ್ಟೆಗೆ ಹಗುರ. ಮೈಮೇಲೆ ಗಂಧೆ ಎದ್ದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಔಷಧ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು, ಲಿಥಿಯಂ ಸೇವಿಸುವವರು ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಮೆಟ್ರೊನಿಡಜೋಲ್ ಅವುಗಳ ಪ್ರಭಾವವನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ಮದ್ಯದ ವಿಷಯದಲ್ಲಿ ಸಲಹೆಗಳು ಒಂದೇ ಆಗಿಲ್ಲ: ಹಿಂದಿನಿಂದ ಎಲ್ಲರೂ ಪೂರ್ತಿ ಬಿಡಲು ಹೇಳುತ್ತಿದ್ದರು, 2021ರ ಮಾರ್ಗಸೂಚಿ ಅದರ ಅಗತ್ಯವಿಲ್ಲವೆನ್ನುತ್ತದೆ. ಒಂದು ವಾರ ಬಿಟ್ಟಿರುವುದರಿಂದ ನಷ್ಟವಿಲ್ಲವಾದ್ದರಿಂದ ನಿಮ್ಮ ವೈದ್ಯರ ಮಾತನ್ನೇ ಅನುಸರಿಸಿ.

ಗರ್ಭಿಣಿಯರು ಲಕ್ಷಣ ಕಂಡೊಡನೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ಸೋಂಕಿಗೂ ಅವಧಿಗೆ ಮುನ್ನ ನೀರು ಒಡೆಯುವುದು, ಅಕಾಲಿಕ ಹೆರಿಗೆ, ಕಡಿಮೆ ತೂಕದ ಮಗು ಇವುಗಳಿಗೂ ನಂಟಿದೆ. ಗರ್ಭಾವಸ್ಥೆಯಲ್ಲಿ ಮೆಟ್ರೊನಿಡಜೋಲನ್ನು ವೈದ್ಯರ ನಿಗಾದಲ್ಲಿ ಕೊಡುತ್ತಾರೆ, ಟಿನಿಡಜೋಲನ್ನು ತಪ್ಪಿಸುತ್ತಾರೆ. ಹಾಲುಣಿಸುವ ತಾಯಂದಿರು ಅದನ್ನು ತಪ್ಪದೆ ತಿಳಿಸಬೇಕು. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ನೋಡಿ ಕೆಲವು ಗಂಟೆ ಹಾಲುಣಿಸದಿರಲು ಹೇಳಬಹುದು.

ಹೆಜ್ಜೆ 5: ಸಂಗಾತಿಗೆ ಹೇಳಿ, ಅದೇ ವಾರದಲ್ಲಿ

ಎಲ್ಲ ಹೆಜ್ಜೆಗಳಲ್ಲಿ ಕಷ್ಟದ್ದು ಇದು, ಮುಖ್ಯವಾದದ್ದೂ ಇದೇ. ಸಂಗಾತಿಗೆ ಲಕ್ಷಣವಿರಲಿ ಇಲ್ಲದಿರಲಿ, ಪರೀಕ್ಷೆಯ ಫಲಿತಾಂಶ ಬರಲಿ ಬಾರದಿರಲಿ, ಚಿಕಿತ್ಸೆ ಒಟ್ಟಿಗೆ ಆಗಬೇಕು. ಒಮ್ಮೆ ಬಂದು ಹೋದರೆ ದೇಹದಲ್ಲಿ ಇದರ ವಿರುದ್ಧ ಬಾಳಿಕೆಯ ರೋಗನಿರೋಧಕ ಶಕ್ತಿ ಬೆಳೆಯುವುದಿಲ್ಲ, ಲಸಿಕೆಯೂ ಇಲ್ಲ. ಏಳು ದಿನ ಶ್ರದ್ಧೆಯಿಂದ ಮಾತ್ರೆ ನುಂಗಿದ ಹೆಂಡತಿಗೆ, ಏನೂ ಲಕ್ಷಣವಿಲ್ಲದ ಗಂಡನಿಂದ ಒಂದೇ ರಾತ್ರಿಯಲ್ಲಿ ಸೋಂಕು ಮರಳಿ ಬರಬಹುದು.

ಮಾತು ಆರಂಭಿಸುವ ಮುನ್ನ ಒಂದು ಸಂಗತಿಯನ್ನು ಇಬ್ಬರೂ ಗಟ್ಟಿಯಾಗಿ ತಿಳಿದಿರಬೇಕು. ಚಿಕಿತ್ಸೆ ಇಲ್ಲದಿದ್ದರೆ ಈ ಸೋಂಕು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯಬಲ್ಲದು. ಇಂದು ಪತ್ತೆಯಾಯಿತೆಂದರೆ ಇತ್ತೀಚೆಗೆ ಬಂತೆಂದು ಅರ್ಥವಲ್ಲ. ಈಗಿನ ಸಂಬಂಧಕ್ಕೆ ಮುಂಚೆಯೇ ಇಬ್ಬರಲ್ಲಿ ಯಾರಿಗಾದರೂ ಬಂದಿರಬಹುದು. ಯಾರಿಂದ ಯಾರಿಗೆ, ಯಾವಾಗ ಎಂದು ಯಾವ ಪ್ರಯೋಗಾಲಯದ ವರದಿಯೂ ಹೇಳುವುದಿಲ್ಲ. ವರದಿಯ ಕಾಗದವನ್ನು ನಡತೆಯ ಮೇಲಿನ ಆರೋಪಪಟ್ಟಿಯಾಗಿ ಮಾಡಿಕೊಂಡು ಮನೆಗಳು ಮುರಿದಿರುವುದನ್ನು ನೆನೆದಾಗ, ಈ ಒಂದು ವಾಕ್ಯವನ್ನು ಪ್ರತಿ ವೈದ್ಯರೂ ಬಾಯಿಬಿಟ್ಟು ಹೇಳಬೇಕೆನಿಸುತ್ತದೆ.

ಹೇಳುವ ರೀತಿ ಹೀಗಿರಬಹುದು: ‘ಡಾಕ್ಟರ ಹತ್ತಿರ ಹೋಗಿದ್ದೆ. ಟ್ರೈಕೊಮೋನಿಯಾಸಿಸ್ ಅನ್ನೋ ಸೋಂಕು ಇದೆಯಂತೆ. ಎಷ್ಟೋ ವರ್ಷ ಗೊತ್ತೇ ಆಗದ ಹಾಗೆ ಇರುತ್ತಂತೆ, ಯಾರಿಂದ ಬಂತು ಅಂತ ಹೇಳೋಕಾಗಲ್ಲವಂತೆ. ಮಾತ್ರೆಯಿಂದ ಹೋಗುತ್ತೆ, ಆದರೆ ಇಬ್ಬರೂ ತಗೋಬೇಕು. ನಾಳೆ ಒಟ್ಟಿಗೆ ಹೋಗಿ ಬರೋಣ.’ ಕಾಯಿಲೆಯ ಹೆಸರು, ಗುಣವಾಗುತ್ತದೆಂಬ ಭರವಸೆ, ಮುಂದೆ ಏನು ಮಾಡಬೇಕೆಂಬುದು ಇಷ್ಟು ಮೊದಲ ಮಾತಿಗೆ ಸಾಕು. ಹಳೆಯ ವಿಷಯಗಳನ್ನು ಕೆದಕಲು ಇದು ಸಮಯವಲ್ಲ. ಹೇಳಿದರೆ ಹೊಡೆತ ಬಡಿತವಾದೀತೆಂಬ ಭಯವಿದ್ದರೆ ಒಬ್ಬರೇ ಹೇಳಹೊರಡಬೇಡಿ, ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಮೊದಲೇ ತಿಳಿಸಿ. ಸಂಗಾತಿಯನ್ನು ಕರೆಸಿ ವೈದ್ಯರೇ ವಿವರಿಸುವ ದಾರಿಯೂ ಇದೆ. ಇತ್ತೀಚಿನ ಹಿಂದಿನ ಸಂಗಾತಿಗಳಿದ್ದರೆ ಅವರಿಗೂ ತಿಳಿಸುವುದು ನ್ಯಾಯ.

ಹೆಜ್ಜೆ 6: ಇಬ್ಬರ ಚಿಕಿತ್ಸೆ ಮುಗಿಯುವವರೆಗೆ ಸಂಪರ್ಕ ಬೇಡ

ಇಬ್ಬರೂ ಔಷಧ ಮುಗಿಸಿ, ಲಕ್ಷಣಗಳು ಪೂರ್ತಿ ಹೋಗುವವರೆಗೆ ಲೈಂಗಿಕ ಸಂಪರ್ಕ ಬೇಡ. ಒಂದೇ ಸಲದ ಮಾತ್ರೆ ನುಂಗಿದವರು ಅಲ್ಲಿಂದ ಏಳು ದಿನ ಕಾಯುವುದು ಒಳ್ಳೆಯದು. ಇಬ್ಬರೂ ಬೇರೆ ಬೇರೆ ದಿನ ಚಿಕಿತ್ಸೆ ಶುರುಮಾಡಿದ್ದರೆ ಲೆಕ್ಕ ಹಾಕಬೇಕಾದ್ದು ಕೊನೆಗೆ ಮುಗಿಸಿದವರ ದಿನದಿಂದ.

ಆಮೇಲೂ ಕಾಂಡೋಮನ್ನು ಪ್ರತಿ ಬಾರಿ ಮೊದಲಿನಿಂದ ಕೊನೆಯವರೆಗೆ ಬಳಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಗರ್ಭನಿರೋಧಕ ಮಾತ್ರೆ, ಕಾಪರ್ ಟಿ ಇವು ಈ ಸೋಂಕನ್ನು ತಡೆಯವು. ಯೋನಿಯ ಒಳಗೆ ಸೋಪು, ಡೆಟಾಲ್, ಸುಗಂಧದ ದ್ರಾವಣ ಹಾಯಿಸಿ ತೊಳೆಯುವ ಅಭ್ಯಾಸವಿದ್ದರೆ ಬಿಡಬೇಕು. ಅದರಿಂದ ಸೋಂಕು ಹೋಗುವುದಿಲ್ಲ, ಕಾವಲಿಗಿದ್ದ ಲ್ಯಾಕ್ಟೋಬ್ಯಾಸಿಲಸ್‌ಗಳು ಹೋಗುತ್ತವೆ.

ಹೆಜ್ಜೆ 7: ಮೂರು ತಿಂಗಳೊಳಗೆ ಮರುಪರೀಕ್ಷೆ

ಚಿಕಿತ್ಸೆ ಪಡೆದ ಹೆಂಗಸರು ಲಕ್ಷಣವಿಲ್ಲದಿದ್ದರೂ ಮೂರು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಏಕೆಂದರೆ ಅಷ್ಟರೊಳಗೆ ಮರುಸೋಂಕು ತಗುಲುವವರ ಸಂಖ್ಯೆ ದೊಡ್ಡದು. ಆದರೆ ನಾಟ್ ಪರೀಕ್ಷೆಯನ್ನು ಔಷಧ ಮುಗಿದ ಮೂರು ವಾರಗಳಿಗೂ ಮುಂಚೆ ಮಾಡಿಸಬೇಡಿ. ಸತ್ತ ಪರಾವಲಂಬಿಗಳ ಚೂರುಗಳೂ ಅದರಲ್ಲಿ ‘ಇದೆ’ ಎಂದೇ ತೋರಬಹುದು, ಅನಗತ್ಯವಾಗಿ ಮತ್ತೆ ಔಷಧ, ಮತ್ತೆ ಅನುಮಾನ ಶುರುವಾಗುತ್ತವೆ.

ಮರುಪರೀಕ್ಷೆಯಲ್ಲೂ ಸೋಂಕು ಕಂಡರೆ ವೈದ್ಯರ ಮೊದಲ ಪ್ರಶ್ನೆ ಸಂಗಾತಿಯ ಚಿಕಿತ್ಸೆಯ ಬಗ್ಗೆಯೇ ಇರುತ್ತದೆ. ಇಬ್ಬರೂ ಸರಿಯಾಗಿ ಔಷಧ ಮುಗಿಸಿ, ನಡುವೆ ಸಂಪರ್ಕವೂ ಇರದೆ ಸೋಂಕು ಉಳಿದಿದ್ದರೆ ಪರಾವಲಂಬಿ ಮೆಟ್ರೊನಿಡಜೋಲ್‌ಗೆ ಜಗ್ಗದ ಬಗೆಯದಾಗಿರಬಹುದು. ಅಂಥವು ಅಲ್ಪ ಪ್ರಮಾಣದಲ್ಲಿವೆ, ಹೆಚ್ಚಿನ ಪ್ರಮಾಣದ ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್‌ಗೆ ಅವುಗಳಲ್ಲಿ ಬಹುಪಾಲು ಮಣಿಯುತ್ತವೆ. ಆಗ ಲೈಂಗಿಕ ರೋಗ ತಜ್ಞರ ಬಳಿಗೇ ಹೋಗಬೇಕು. ಪರೀಕ್ಷೆಯಲ್ಲಿ ಸೋಂಕು ಇಲ್ಲವೆಂದು ಬಂದೂ ಸ್ರಾವ, ಉರಿ ಉಳಿದಿದ್ದರೆ ಇನ್ನೊಂದು ಸುತ್ತು ಮೆಟ್ರೊನಿಡಜೋಲ್ ನುಂಗುವ ಮೊದಲು ಶಿಲೀಂಧ್ರ, ಬ್ಯಾಕ್ಟೀರಿಯಲ್ ವಜೈನೋಸಿಸ್, ಕ್ಲಮಿಡಿಯಾಗಳಿಗೆ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಋತುಬಂಧ ದಾಟಿದವರಲ್ಲಿ ಹಾರ್ಮೋನು ಇಳಿದು ಒಳಪದರ ಒಣಗುವುದರಿಂದಲೂ ಅದೇ ಉರಿ ಇರುತ್ತದೆ.